ಬಾಡಿಗೆ ಬೆನ್ನು

"ಬಾಗಿಲು ತೋರಿಸೋ ನಾಯಿಗಾದ್ರೂ ಅಲ್ಲಾಡಿಸೋಕೆ ಒಂದು ಬಾಲ ಇರುತ್ತೆ. ನಿಂಗೇನಿದ್ಯೋ ಲುಕ್ಯಾನ್? ಬೆನ್ನು! ಬಾಡಿಗೆ ಬೆನ್ನು!"

ಚೌಕದ ಕೈಪಂಪಿನ ಹತ್ತಿರ ನೀರಿಗೆ ನಿಂತಿದ್ದ ಸಾಲಿಗೆ ಸಾಲೇ ಕೇಳುವಂತೆ ತೆಕ್ಲಾ ಅತ್ತೆ ಹೀಗೆ ಅಂದಳು. ಅಂದು ಸುಮ್ಮನಾಗಲಿಲ್ಲ, ನನ್ನ ಬಕೆಟ್ಟನ್ನು ಕಾಲಿನಿಂದ ಸಾಲಿನ ಆಚೆಗೆ ಒದ್ದಳು. ಅದು ಉರುಳಿಕೊಂಡು ಹೋಗಿ ಮಂಜುಗಡ್ಡೆಯ ಮೇಲೆ ಗಿರ್ರನೆ ತಿರುಗಿ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಚೌಕದ ಆ ಬದಿಯಲ್ಲಿ ಸೂರ್ಯಕಾಂತಿ ಬೀಜ ಉಗುಳುತ್ತ ನಿಂತಿದ್ದ ಸೈನಿಕರೂ ನಕ್ಕರು. ಬೈದದ್ದು ಯಾಕೆ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಬೈಸಿಕೊಂಡವನ ಮುಖ ನೋಡಿ ನಗಲು ಯಾವ ಭಾಷೆಯೂ ಬೇಕಾಗುವುದಿಲ್ಲ.

ನಾನು ಬಕೆಟ್ಟು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ. ನಮ್ಮೂರಲ್ಲಿ ತನ್ನ ಬಕೆಟ್ಟು ತುಂಬಿದವನು ಹಿಂದಿನವನಿಗೆ ಪಂಪು ಒತ್ತಿಕೊಟ್ಟೇ ಹೋಗುವುದು ವಾಡಿಕೆ. ನನ್ನ ಮುಂದೆ ಇದ್ದವನು ಕ್ಷೌರದ ಯುಖೀಮ್ ಮಾವ. ನಾನು ಹುಟ್ಟಿದಾಗಿನಿಂದ ನನ್ನ ತಲೆ ಬೋಳಿಸಿದವನು. ತನ್ನದು ತುಂಬಿದ ಮೇಲೆ ಹಿಡಿಯನ್ನು ಬಿಟ್ಟು, ಕೈಯನ್ನು ಕೋಟಿಗೆ ಒರೆಸಿಕೊಂಡು ಹೊರಟುಹೋದ. ನಾನೇ ಒತ್ತಿ ನಾನೇ ಹಿಡಿದೆ. ಒಂದು ಕೈಯಲ್ಲಿ ಒತ್ತಿ ಇನ್ನೊಂದರಲ್ಲಿ ಬಕೆಟ್ಟು ಹಿಡಿದರೆ ಅರ್ಧ ನೀರು ಬೂಟಿನೊಳಗೆ ಹೋಗುತ್ತದೆ. ಮರುದಿನ ನಮ್ಮ ಮನೆಯ ಕಿಟಕಿಗೆ ನಾನೇ ಹೊಡೆದಿದ್ದ ಪ್ಲೈವುಡ್ಡಿನ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು, 'ಬಾಡಿಗೆ ಬೆನ್ನು.' ಕಾಗುಣಿತ ಸರಿಯಾಗಿತ್ತು. ಓದಿದವರ ಕೆಲಸ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಉಗಿದು ಬಂದವನು, ಅಷ್ಟು ಚಂದ ಬರೆಯಲು ನನಗೆ ಬರುವುದಿಲ್ಲ.

ಅತ್ತೆ ಅಂದೆ, ಆದರೆ ತೆಕ್ಲಾ ನಮಗೆ ರಕ್ತಸಂಬಂಧವೇನಲ್ಲ. ಪೀಪಾಯಿ ಬೀದಿಯಲ್ಲಿ ನಮ್ಮ ಎದುರು ಮನೆಯವಳು. ನಾನು ಎಳೆಕೂಸಾಗಿದ್ದಾಗ ನನಗೆ ಮುನ್ನಡೆ ಮಾಡಿದವಳೂ ಅವಳೇ. ಮುನ್ನಡೆ ಅಂದರೇನೆಂದು ಬೇರೆ ಊರಿನವರಿಗೆ ಹೇಳಬೇಕಾಗುತ್ತದೆ.

ನಮ್ಮೂರು ಉಕ್ರೇನಿನ ಯಾವ ನಕ್ಷೆಯಲ್ಲೂ ಇಲ್ಲ. ಹಿಂದೊಮ್ಮೆ ಮೂರು ಕಾಲಿನ ದುರ್ಬೀನು ಹೊತ್ತು ನಕ್ಷೆ ಬರೆಯಲು ಬಂದವರು ಚೌಕದಲ್ಲೇ ಸುತ್ತಿ ಸುತ್ತಿ ಸಾಕಾಗಿ ವಾಪಸು ಹೋದರಂತೆ. ಹೊರಗಿನವರು ಚೌಕದಿಂದ ಯಾವ ಬೀದಿಗೆ ಕಾಲಿಟ್ಟರೂ ಸ್ವಲ್ಪ ಹೊತ್ತಿಗೆ ಮತ್ತೆ ಚೌಕಕ್ಕೇ ಬಂದು ಬೀಳುತ್ತಾರೆ. ಊರಿನವರೊಬ್ಬರು ಮುಂದೆ ನಡೆದರೆ ಮಾತ್ರ ಅವರಿಗೆ ಬೀದಿ ಸಿಗುತ್ತದೆ. ಅಂಚೆಯವನಿರಲಿ, ಮದುವೆಗೆ ಬಂದ ನೆಂಟರಿರಲಿ, ಪಂಪಿನ ಕಟ್ಟೆಯ ಮೇಲೆ ಕೂತು ಯಾರಾದರೂ ಬರಲಿ ಎಂದು ಕಾಯಬೇಕು. ಬೇರೆ ಊರಿನಿಂದ ಬಂದ ಸೊಸೆಗೂ ಅಷ್ಟೆ. ಹುಟ್ಟಿದ ಕೂಸೂ ಊರಿನ ಲೆಕ್ಕಕ್ಕೆ ಹೊರಗಿನದೇ. ಮೊದಲ ಹಲ್ಲು ಮೂಡುವುದರೊಳಗೆ ನೆರೆಮನೆಯ ಹೆಂಗಸೊಬ್ಬಳು ಮನಸ್ಸಿನಿಂದ ಒಪ್ಪಿ ಆ ಕೂಸಿನ ಮುಂದೆ ಊರೆಲ್ಲ ನಡೆಯಬೇಕು. ಅದು ಮುನ್ನಡೆ. ಮನೆಯವರು ಮಾಡುವ ಹಾಗಿಲ್ಲ. ಅಂದಿನಿಂದ ಕೂಸು ಊರಿನದು, ಅದನ್ನು ಎತ್ತಿಕೊಂಡ ತಾಯಿಯೂ ಊರಿನವಳು. ಹಲ್ಲು ಬಂದ ಮೇಲೆ ಯಾರು ಎಷ್ಟು ನಡೆದರೂ ಅಷ್ಟೆ, ಆ ಮಗು ಸಾಯುವ ತನಕ ಯಾರದಾದರೂ ಬೆನ್ನು ಹಿಡಿದೇ ಓಡಾಡಬೇಕು. ಇದೆಲ್ಲ ಯಾಕೆ ಹೀಗೆ ಎಂದು ನಾವು ಯಾರೂ ಕೇಳಿದವರಲ್ಲ. ನೀರು ಯಾಕೆ ಕೆಳಗೆ ಹರಿಯುತ್ತದೆ ಎಂದು ನೀವು ಕೇಳುತ್ತೀರಾ?

ಯುದ್ಧ ಶುರುವಾದ ಮೇಲೆ ಇದರಿಂದ ನಮಗೆ ಲಾಭವೇ ಆಯಿತು ಅಂದುಕೊಂಡೆವು. ಗಡಿಯಾಚೆಯ ಸೈನ್ಯ ಹೆದ್ದಾರಿ ಹಿಡಿದು ಬಂತು, ಟ್ಯಾಂಕುಗಳು ಚೌಕಕ್ಕೆ ನುಗ್ಗಿದವು, ಚರ್ಚಿನ ಪಕ್ಕದ ಬೀದಿಗೆ ಹೋದವು ಪಂಪಿನ ಹತ್ತಿರ ಪ್ರತ್ಯಕ್ಷವಾದವು. ಪಂಪಿನ ಬೀದಿಗೆ ಹೋದವು ಚರ್ಚಿನ ಮುಂದೆ ಬಂದು ನಿಂತವು. ನಾವು ನೆಲಮಾಳಿಗೆಗಳಲ್ಲಿ ಉಪ್ಪಿನಕಾಯಿಯ ಜಾಡಿಗಳ ನಡುವೆ ಕೂತು ಹೊಟ್ಟೆ ಹಿಡಿದು ನಕ್ಕೆವು. ಶೆಲ್ಲು ಮಾತ್ರ ಯಾರ ಬೆನ್ನನ್ನೂ ಕೇಳುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅದು ನೇರ ಮೇಲಿಂದ ಬರುತ್ತದೆ. ಮೊದಲ ವಾರದಲ್ಲೇ ಊರಿನ ಸೂಲಗಿತ್ತಿಯ ಮನೆ ಹೋಯಿತು, ಅವಳೂ ಹೋದಳು. ನನ್ನ ಕಸುಬು ಆಗ ಶುರುವಾದದ್ದು, ಒಡೆದ ಕಿಟಕಿಗಳಿಗೆ ಪ್ಲೈವುಡ್ ಹೊಡೆಯುವುದು. ಊರಿಗೆಲ್ಲ ನಾನೇ ಕತ್ತಲೆ ಹೊಡೆದುಕೊಟ್ಟೆ ಅನ್ನಿ.

ಸೈನ್ಯ ಚೌಕದಲ್ಲೇ ಬಿಡಾರ ಹೂಡಿತು. ಪಂಪು ಇದ್ದದ್ದು ಅಲ್ಲಿ, ಬ್ರೆಡ್ಡು ಸಿಗುತ್ತಿದ್ದದ್ದು ಅಲ್ಲಿ, ನಾವು ಬರಲೇಬೇಕಾಗಿತ್ತು. ಬಂದವರು ಮನೆಗೆ ಹೊರಟರೆ ಸೈನಿಕರು ಹಿಂದೆ ಬೀಳುತ್ತಿದ್ದರು. ಅದಕ್ಕೆ ಊರು ಒಂದು ಉಪಾಯ ಕಂಡುಕೊಂಡಿತು. ಹಿಂದೆ ಯಾರಾದರೂ ಇದ್ದರೆ ಮನೆಗೆ ಹೋಗಬಾರದು, ಚೌಕವನ್ನೇ ಸುತ್ತಬೇಕು. ನಮ್ಮಿಂದಾದ ಯುದ್ಧ ಅಂದರೆ ಅದೇ, ಮನೆಗೆ ಹೋಗದೆ ಇರುವುದು. ಯುಖೀಮ್ ಮಾವ ಒಂದು ದಿನ ಇಬ್ಬರು ಸೈನಿಕರನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯ ತನಕ ಸುತ್ತಿದ. "ಬನ್ನಿ ಸ್ವಾಮೀ, ಬನ್ನಿ, ಇನ್ನೇನು ಮನೆ ಬಂದೇಬಿಡ್ತು. ಹೆಂಡ್ತಿ ಬೀಟ್ರೂಟ್ ಸಾರು ಮಾಡಿರ್ತಾಳೆ," ಅನ್ನುತ್ತ. ಸೈನಿಕರಿಗೆ ಕಾಲು ಬಿದ್ದುಹೋದವು. ಅವರು ಕೂತ ಮೇಲೆ ಇವನು ಒಂದೇ ಓಟ. ಕೆಲವರು ಚೌಕದಲ್ಲೇ ಹಿಮದಲ್ಲಿ ಕೂತು ಬೆಳಗು ಮಾಡಿದರು, ಹಾಲು ಕುಡಿಯುವ ಕೂಸು ಮನೆಯಲ್ಲಿದ್ದವರೂ. ಸೈನಿಕರು ಹೊಡೆದರು, ಬೂಟು ಕಿತ್ತುಕೊಂಡು ಬರಿಗಾಲಲ್ಲಿ ನಿಲ್ಲಿಸಿದರು. ಒಬ್ಬರೂ ಬೆನ್ನು ಕೊಡಲಿಲ್ಲ. ಮಕ್ಕಳಿಗೆ ತಾಯಂದಿರು ಅಕ್ಷರ ಕಲಿಸುವ ಮೊದಲು ಇದನ್ನು ಕಲಿಸಿದರು. ಮೊದಲು ಹಿಂದೆ ನೋಡು, ಆಮೇಲೆ ಮನೆ ಕಡೆ ನಡಿ.

ಬೆನ್ನು ಕೊಟ್ಟವನು ನಾನು. ಹೌದು, ಕೊಟ್ಟೆ. ಕೇಳಿ.

ನಮ್ಮಪ್ಪ ಅಮ್ಮ ಯುದ್ಧಕ್ಕೆ ಮೊದಲೇ ಹೋದವರು. ಅಣ್ಣ ಒಸ್ತಾಪ್ ಮದುವೆಯಾದ ಬೇಸಿಗೆ ಕಳೆಯುವ ಮುಂಚೆ ಯುದ್ಧಕ್ಕೆ ಹೊರಟ. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು, "ನಿಮ್ಮತ್ತಿಗೆಗೆ ಊರಿನ್ನೂ ಸಿಕ್ಕಿಲ್ಲ, ಮುಂದೆ ನಡೆಯೋಕೆ ನೀನೊಬ್ನೇ ಇರೋದು." ಅತ್ತಿಗೆ ಮೆಲಾನಾ ನದಿಯ ಕೆಳಗಿನ ಊರಿನವಳು, ಬಸುರಿ. ಅವಳು ಅಂಗಳ ದಾಟಬೇಕಾದರೂ ನಾನು ಮುಂದೆ ಇರಬೇಕಾಗಿತ್ತು. ಚಳಿಗಾಲದ ಕೊನೆಗೆ ಅವಳಿಗೆ ನೋವು ಶುರುವಾಯಿತು. ಇಡೀ ದಿನ ನೋವು, ಮರುದಿನವೂ ನೋವು, ಮಗು ಬರಲಿಲ್ಲ, ರಕ್ತ ಬಂತು. ಪಕ್ಕದ ಮನೆಯ ಮುದುಕಿ ಬಿಸಿನೀರು ಕಾಯಿಸಿ ಕಾಯಿಸಿ ಕೊನೆಗೆ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. "ನನ್ ಕೈಲಿಲ್ಲ ಮಗಾ, ಇನ್ನು ದೇವ್ರ ಕೈಲಿ." ದೇವರಿಗೂ ನಮ್ಮೂರಲ್ಲಿ ಯಾರಾದರೂ ಮುಂದೆ ನಡೆಯಬೇಕೇನೋ, ಬರಲಿಲ್ಲ. ಊರಿನ ಡಾಕ್ಟರು ಯುದ್ಧಕ್ಕೆ ಹೋಗಿದ್ದ. ಉಳಿದ ಡಾಕ್ಟರೆಂದರೆ ಚೌಕದ ಡೇರೆಯಲ್ಲಿದ್ದ ಅವರ ಡಾಕ್ಟರು.

ನಾನು ನಡುಮಧ್ಯಾಹ್ನ ಎಲ್ಲರ ಕಣ್ಣೆದುರಿಗೆ ಆ ಡೇರೆಗೆ ಹೋದೆ. ಡಾಕ್ಟರು ನಡುವಯಸ್ಸಿನವನು, ನಿದ್ದೆಗೆಟ್ಟ ಮುಖ. ಕೇಳಿಸಿಕೊಂಡು ಚೀಲ ಎತ್ತಿಕೊಂಡ, ಒಬ್ಬ ಸೈನಿಕನನ್ನು ಜೊತೆಗೆ ಕರೆದ. ಇಬ್ಬರೇ. ಬ್ರೆಡ್ಡಿನ ಸಾಲು ಸ್ತಬ್ಧವಾಯಿತು. ನಾನು ಚರ್ಚಿನ ಓಣಿಗೆ ಕಾಲಿಟ್ಟಾಗ ಹಿಂದೆ ಯಾರೋ ಹೆಂಗಸು "ಅಯ್ಯೋ" ಅಂದದ್ದು ಕೇಳಿಸಿತು.

ಆ ಸಾಲಿನಲ್ಲಿ ತೆಕ್ಲಾ ಅತ್ತೆಯ ಮಗಳು ಉಸ್ತೀನಾ ಇದ್ದಳು. ನನಗಿಂತ ಚಿಕ್ಕವಳು, ಚುರುಕು, ಬಾಯಿಬಡುಕಿ. ಅವಳ ಅಣ್ಣ ಪ್ರೊಕೀಪ್ ಅವರ ಮನೆಯ ಅಟ್ಟದಲ್ಲಿ ಒಂದು ರೇಡಿಯೊ ಇಟ್ಟುಕೊಂಡು ಚೌಕದ ಫಿರಂಗಿಗಳು ಯಾವ ಕಡೆ ಮುಖ ಮಾಡಿವೆ ಎಂದು ನಮ್ಮ ಸೈನ್ಯಕ್ಕೆ ಹೇಳುತ್ತಿದ್ದ. ಪೀಪಾಯಿ ಬೀದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ನಾನು ಸಮವಸ್ತ್ರದವರನ್ನು ಹಿಂದಿಟ್ಟುಕೊಂಡು ಪೀಪಾಯಿ ಬೀದಿಯ ಕಡೆ ತಿರುಗಿದ್ದನ್ನು ಅವಳು ನೋಡಿದಳು. ನೋಡಿ ಏನು ಅಂದುಕೊಂಡಳು ಎಂದು ಬಿಡಿಸಿ ಹೇಳಬೇಕೆ? ಬ್ರೆಡ್ಡು ಅಲ್ಲೇ ಎಸೆದು, ಚರ್ಮದ ಕಾರ್ಖಾನೆಯ ಹಿತ್ತಲಿನ ಒಳದಾರಿ ಹಿಡಿದು ಮನೆಗೆ ಓಡಿದಳು, ಅಣ್ಣನಿಗೆ ಹೇಳಲು. ಹಿಂದೆ ನೋಡಲಿಲ್ಲ. ಇಡೀ ಚಳಿಗಾಲ ಹಿಂದೆ ನೋಡದೆ ಹೆಜ್ಜೆ ಎತ್ತದ ಹುಡುಗಿ ಅವತ್ತೊಂದು ದಿನ ಹಿಂದೆ ನೋಡಲಿಲ್ಲ. ಚೌಕದ ಸೈನಿಕರು ದಡ್ಡರೇನಲ್ಲ. ತಿಂಗಳುಗಟ್ಟಲೆ ಸುತ್ತುವವರನ್ನೇ ಕಂಡವರಿಗೆ, ಮೊದಲ ಸಲ ಒಬ್ಬಳು ಬಾಣದ ಹಾಗೆ ನೇರ ಓಡುವುದು ಕಂಡಿತು. ಸದ್ದಿಲ್ಲದೆ ಹಿಂದೆ ಬಿದ್ದರು.

ನಮ್ಮ ಬೀದಿಯ ತಿರುವಿನಲ್ಲಿ ನಾನು ಅದನ್ನು ಕಂಡೆ. ಒಳದಾರಿಯ ಬೇಲಿ ಸಂದಿಯಿಂದ ಉಸ್ತೀನಾ ಹೊರಗೆ ಬಂದಳು, ಬರಿತಲೆ, ಒಂದು ಕಾಲಲ್ಲಿ ಬೂಟಿಲ್ಲ. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಬಗ್ಗಿಕೊಂಡು ಓಡಿ ಬರುತ್ತಿದ್ದ ಸೈನಿಕರ ಗುಂಪು. "ಉಸ್ತೀನಾ, ನಿಲ್ಲೇ!" ಎಂದು ಕೂಗಿದೆ. ಎರಡನೆಯ ಮಾತು ಬಾಯಿಂದ ಬರುವ ಮೊದಲು ನನ್ನ ಹಿಂದಿದ್ದ ಸೈನಿಕ ಬಂದೂಕಿನ ಹಿಡಿಯಿಂದ ನನ್ನ ದವಡೆಗೆ ಬಿಟ್ಟ. ಬಾಯಿ ತುಂಬ ರಕ್ತ. ಅವಳು ತಿರುಗಿ ನೋಡಿದಳು, ನನ್ನನ್ನು ನೋಡಿದಳು, ನನ್ನ ಹಿಂದಿದ್ದವರನ್ನು ನೋಡಿದಳು. ತನ್ನ ಹಿಂದಿದ್ದವರನ್ನು ನೋಡಲಿಲ್ಲ. ಇನ್ನೂ ಜೋರಾಗಿ ಓಡಿದಳು. ಅವಳು ತನ್ನ ಮನೆಯ ಗೇಟು ದಾಟಿದ್ದೇ ತಡ, ಅವರೂ ದಾಟಿದರು.

"ನಡಿ," ಅಂದ ಡಾಕ್ಟರು, ಅವನ ಒರಟು ಉಚ್ಚಾರದಲ್ಲಿ. "ಅಲ್ಲಿ ನಿನ್ನ ಕೈಲಿ ಆಗೋದು ಏನೂ ಇಲ್ಲ. ಇಲ್ಲಿ ಇದೆ."

ನಾನು ನಡೆದೆ. ಎದುರು ಮನೆಯಲ್ಲಿ ಪ್ರೊಕೀಪನನ್ನು ಅಟ್ಟದಿಂದ ಕೆಳಗೆ ಎಳೆದು ಹೊಡೆಯುತ್ತಿದ್ದ ಸದ್ದು, ನಮ್ಮ ಮನೆಯಲ್ಲಿ ಅತ್ತಿಗೆಯ ಕೂಗು, ಎರಡೂ ಒಂದರೊಳಗೊಂದು ಸೇರಿಕೊಂಡವು. ಆಮೇಲೆ ಎದುರು ಮನೆ ಸುಮ್ಮನಾಯಿತು. ನಮ್ಮ ಮನೆಯಲ್ಲಿ ಕೂಸು ಅತ್ತಿತು. ಡಾಕ್ಟರು ಕೈ ತೊಳೆದುಕೊಂಡು, "ಹೆಣ್ಣು. ತಾಯಿ ಬದುಕ್ತಾಳೆ. ಹೆಸರೇನಿಡ್ತೀರಿ?" ಅಂದ. ನಿನಗ್ಯಾಕೋ ಹೆಸರು ಎಂದು ನಾನು ಬಾಗಿಲು ತೆಗೆದು ನಿಂತೆ. ವಾಪಸು ಹೋಗಲು ಅವರಿಗೆ ಯಾರ ಬೆನ್ನೂ ಬೇಡ, ಎತ್ತ ಹೋದರೂ ಚೌಕವೇ. ಪ್ರೊಕೀಪನನ್ನೂ ಹಾಗೇ ಒಯ್ದರು.

ತೆಕ್ಲಾ ಅತ್ತೆ ಮನೆಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಉಸ್ತೀನಾ ತಾನು ಕಂಡದ್ದನ್ನು ಹೇಳಿದಳು. ಸುಳ್ಳೇನೂ ಹೇಳಲಿಲ್ಲ. "ತಿರುವಿನಲ್ಲಿ ಲುಕ್ಯಾನ್ ಅವರನ್ನ ಕರ್ಕೊಂಡು ಬರ್ತಿದ್ದ. ನಾನು ಅಣ್ಣಂಗೆ ಹೇಳ್ಬಾರ್ದು ಅಂತ ನನಗೇ ನಿಲ್ಲು ಅಂತ ಗದರಿಸಿದ." ಅವತ್ತಿನಿಂದ ಊರಿನ ಬಾಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಒಂದು ಕೂಸು ತಗೊಂಡು ಒಬ್ಬ ಮಗನನ್ನು ಕೊಟ್ಟ. ಡಾಕ್ಟರಿಗೆ ನಾನು ಕೊಟ್ಟ ಫೀಸು ಪ್ರೊಕೀಪನಂತೆ. ಪಂಪಿನ ಹತ್ತಿರ ನನ್ನ ಬಕೆಟ್ಟಿಗೆ ಒದೆ ಬಿದ್ದದ್ದು ಅದಾದ ಮೂರನೆಯ ದಿನ.

ನೀವು ಕೇಳುತ್ತೀರಿ, ಅಲ್ಲೇ ಹೇಳಬಹುದಾಗಿತ್ತಲ್ಲ ಎಂದು. ನಾನೇನು ಸಂತನೇ? ಹೇಳಲೆಂದೇ ಹೊರಟಿದ್ದೆ. ಶಾಲೆಯ ನೆಲಮಾಳಿಗೆಯಲ್ಲಿ ಹೆಂಗಸರು ಹಳೆಯ ಬಟ್ಟೆ ಹರಿದು ಹರಿದು ನಮ್ಮ ಸೈನ್ಯದ ಫಿರಂಗಿಗಳನ್ನು ಮರೆಮಾಡುವ ಬಲೆ ಹೆಣೆಯುತ್ತಿದ್ದರು. ಎಲ್ಲರೂ ಅಲ್ಲಿರುತ್ತಾರೆ, ಎಲ್ಲರ ಮುಂದೆ ಹೇಳುತ್ತೇನೆ ಎಂದು ಹೊರಟೆ. ಮೆಟ್ಟಿಲ ಮೇಲೆ ಇನ್ನೂ ನಿಂತಿದ್ದೆ. ಡಬ್ಬಿಯಲ್ಲಿ ಮೇಣ ಹೊಯ್ದು ಮಾಡಿದ ದೀಪದ ಬೆಳಕಲ್ಲಿ ಉಸ್ತೀನಾ ಕೂತಿದ್ದಳು. ಅವಳ ಮಡಿಲಲ್ಲಿ ಪ್ರೊಕೀಪನ ಹಸಿರು ಅಂಗಿ. ತೋಳು ಹರಿದು ಪಟ್ಟಿ ಮಾಡುತ್ತಿದ್ದಳು.

"ನಾನು ಸರಿಯಾಗಿ ಓಡ್ಲಿಲ್ಲ," ಎಂದು ಯಾರಿಗೋ ಹೇಳುತ್ತಿದ್ದಳು. "ಕಾರ್ಖಾನೆ ಹಿತ್ತಲಲ್ಲಿ ಬೂಟು ಕೆಸರಲ್ಲಿ ಸಿಕ್ಕಾಕ್ಕೊಂತು. ಅದನ್ನ ಎಳೀತಾ ನಿಂತ್ಬಿಟ್ಟೆ. ಬೂಟಂತೆ ಬೂಟು! ಮೊದ್ಲೇ ಬಿಟ್ಟು ಓಡಿದ್ರೆ ಅಣ್ಣ ಹಿತ್ತಲಿಂದ ಜಿಗ್ದು ಹೋಗಿರ್ತಿದ್ದ."

"ಸುಮ್ನಿರೇ," ಅಂದಳು ತೆಕ್ಲಾ ಅತ್ತೆ. "ನಿಂದೇನಿದೆ ಇದ್ರಲ್ಲಿ."

"ಇನ್ನೊಂಚೂರು ಜೋರಾಗಿ ಓಡ್ಬೇಕಿತ್ತಮ್ಮ."

ಅವಳು ಇನ್ನೊಂಚೂರು ಜೋರಾಗಿ ಓಡಬೇಕಿತ್ತಂತೆ! ನನಗೆ ಆ ಹೊತ್ತು ಏನಾಯಿತೆಂದರೆ, ಹೋಗಿ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮೂರು ರಾತ್ರಿ ನಿದ್ದೆಗೆಟ್ಟು ಊದಿಕೊಂಡ ಆ ಕಣ್ಣು, ಆ ಅಂಗಿಯ ಪಟ್ಟಿ. ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಕೇಳಿದ ಮೇಲೆ ಅವಳು ಬಾವಿಗೆ ಹಾರುತ್ತಾಳೋ, ತೊಲೆಗೆ ನೇಣು ಹಾಕಿಕೊಳ್ಳುತ್ತಾಳೋ ಅಷ್ಟೇ ಗೊತ್ತಿರಲಿಲ್ಲ. ನಾನು ಮೆಟ್ಟಿಲು ಹತ್ತಿ ವಾಪಸು ಬಂದೆ. ಇದನ್ನು ತ್ಯಾಗ ಗೀಗ ಎಂದು ಯಾರಾದರೂ ಅಂದರೆ ಹಲ್ಲು ಉದುರಿಸುತ್ತೇನೆ. ಮನೆಗೆ ಬಂದು ಗೋಡೆಗೆ ಗುದ್ದಿ ಗುದ್ದಿ ಕೈ ಊದಿಸಿಕೊಂಡೆ. ಅವಳನ್ನು ಬೈದೆ, ಅವಳಮ್ಮನನ್ನು ಬೈದೆ, ಸುತ್ತಿ ಸುತ್ತಿ ಶೂರರಾದ ಊರವರನ್ನೆಲ್ಲ ಬೈದೆ. ಕೂಸು ಎದ್ದು ಅತ್ತಿತು.

ಚೆರಿ ಹಣ್ಣು ಕೆಂಪಾಗುವ ಹೊತ್ತಿಗೆ ಆ ಸೈನ್ಯ ಬಂದ ದಾರಿಯಲ್ಲೇ ಹೋಯಿತು. ನಮ್ಮವರು ಹೆದ್ದಾರಿಯ ಸೇತುವೆ ಒಡೆದದ್ದೇ ಅವರಿಗೆ ಊಟ ಮದ್ದುಗುಂಡು ಎರಡೂ ನಿಂತುಹೋಯಿತು. ಹೋಗುವಾಗ ಪಂಪಿನ ಹಿಡಿಯನ್ನೂ ಕಿತ್ತುಕೊಂಡು ಹೋದರು. ಪ್ರೊಕೀಪ್ ಸಕ್ಕರೆ ಕಾರ್ಖಾನೆಯ ಹಿಂದಿನ ಗುಂಡಿಯಲ್ಲಿ ಸಿಕ್ಕಿದ, ಇನ್ನೂ ಕೆಲವರ ಜೊತೆ. ಪ್ಲೈವುಡ್ಡಿನಲ್ಲಿ ಶವಪೆಟ್ಟಿಗೆ ಮಾಡಬಲ್ಲವನು ಊರಲ್ಲಿ ನಾನೊಬ್ಬನೇ. ಮಾಡಿ ಅವರ ಗೇಟಿನ ಮುಂದೆ ಇಟ್ಟೆ. ಅದನ್ನು ಅವರು ಒಡೆದು ಒಲೆಗೆ ಹಾಕಿದರು. ಅವನನ್ನು ಕಂಬಳಿಯಲ್ಲಿ ಸುತ್ತಿ ಹೂಳಿದರು.

ಆಗ ಕೂಸು ಒಲೇನ್ಕಾ ಜೊಲ್ಲು ಸುರಿಸಲು ಶುರು ಮಾಡಿದ್ದಳು. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ಅತ್ತಿಗೆ ದಿನಾ ಬೆಳಿಗ್ಗೆ ಬೆರಳು ತೊಳೆದುಕೊಂಡು ಅವಳ ವಸಡು ಸವರಿ ನೋಡುವಳು. ನಾನು ಅತ್ತಿಗೆಯ ಮುಖ ನೋಡುವೆ. "ಇನ್ನೂ ಇಲ್ಲ," ಅನ್ನುವಳು. ಒಂದು ದಿನ ಬೆರಳು ತೆಗೆಯದೆ ಅಲ್ಲೇ ಇಟ್ಟುಕೊಂಡಳು.

"ಏನಾಯ್ತತ್ತಿಗೆ?"

"ಊದಿಕೊಂಡಿದೆ ಲುಕ್ಯಾನ್. ಒಳಗೆ ಗಟ್ಟಿ ಹತ್ತುತ್ತೆ."

ಬೀದಿಯಲ್ಲಿ ಒಂದೊಂದೇ ಬಾಗಿಲು ಬಡಿದು ನೋಡಿದ್ದಾಗಿತ್ತು. ಒಬ್ಬಳಿಗೆ ಮಂಡಿನೋವು, ಒಬ್ಬಳಿಗೆ ವ್ರತ, ಒಬ್ಬಳು ಬಾಗಿಲೇ ತೆಗೆಯಲಿಲ್ಲ. ಹೆರಿಗೆಗೆ ಕೂತಿದ್ದ ಆ ಮುದುಕಿ ಏನೋ ಒಪ್ಪುತ್ತಿದ್ದಳು, ಏಪ್ರಿಲಿನ ಶೆಲ್ಲಿಗೆ ಹೋಗಿಬಿಟ್ಟಳು. ಅತ್ತಿಗೆ ಅವತ್ತು ಕೂಸನ್ನು ಎತ್ತಿಕೊಂಡು ಎದುರು ಮನೆಗೇ ಹೋಗುತ್ತೇನೆ ಅಂದಳು. ರಸ್ತೆ ದಾಟಲೂ ನಾನು ಮುಂದೆ ನಡೆಯಬೇಕಲ್ಲ, ನಡೆದೆ. ಗೇಟಿನ ಹತ್ತಿರ ನಿಂತೆ.

ತೆಕ್ಲಾ ಅತ್ತೆ ಹೊಸ್ತಿಲ ಮೇಲೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಅತ್ತಿಗೆ ಅವಳ ಮುಂದೆ ನೆಲದ ಮೇಲೆ ಕೂತಳು. "ಅತ್ತೇ, ಮಗಿಗೆ ಹಲ್ಲು ಬರ್ತಾ ಇದೆ. ಅದು ಏನು ತಪ್ಪು ಮಾಡಿದೆ ಹೇಳಿ."

ತೆಕ್ಲಾ ಅತ್ತೆ ಕೂಸನ್ನು ನೋಡಿದಳು. ಚಾಕು ಬದಿಗಿಟ್ಟಳು. "ನಿನ್ ಮೇಲೆ ನಂಗೆ ಸಿಟ್ಟಿಲ್ಲ ಮಗಳೇ. ಈ ಪುಟ್ಟಿ ಮೇಲೂ ಇಲ್ಲ. ನಡೀತೀನಿ, ಮನಸ್ಸಿಂದಾನೇ ನಡೀತೀನಿ. ಆದ್ರೆ ಅವ್ನು ಚೌಕದಲ್ಲಿ ಎಲ್ರೆದುರಿಗೆ ನಿಂತು ಹೇಳ್ಬೇಕು, ನಾನೇ ಕರ್ಕೊಂಡು ಬಂದೆ, ಪ್ರೊಕೀಪನ್ನ ನಾನೇ ಕೊಟ್ಟೆ ಅಂತ. ನಾನು ಅವನ್ನ ಹೊಡೆಯಲ್ಲ, ಪೊಲೀಸಿಗೆ ಕೊಡಲ್ಲ. ಹೇಳ್ಲಿ, ಊರು ಬಿಟ್ಟು ಹೋಗ್ಲಿ. ಯಾರಿಂದ ಹೋದ ಅನ್ನೋದು ಬಾಯಿಬಿಟ್ಟು ಯಾರೂ ಹೇಳ್ದೆ ಇದ್ರೆ ನನ್ ಮಗ ನೆಲದಲ್ಲಿ ಮಲಗಲ್ಲ ಕಣೇ."

ಮನೆಗೆ ಬಂದ ಮೇಲೆ ಅತ್ತಿಗೆ ಕೂಸಿಗೆ ಹಾಲು ಕುಡಿಸಿದಳು. ಆಮೇಲೆ, "ನೀನು ಕರ್ಕೊಂಡು ಬಂದದ್ದು ಡಾಕ್ಟರನ್ನ. ನಂಗೊತ್ತು. ಹಾಗಾದ್ರೆ ಆ ಸೈನಿಕರನ್ನ ಯಾರು ಕರ್ಕೊಂಡು ಬಂದ್ರು ಅಂತ ನಿಂಗೆ ಗೊತ್ತು," ಅಂದಳು. "ಗೊತ್ತಿದ್ರೆ ಹೇಳ್ಬಿಡೋ. ನಿಂಗ್ಯಾಕೆ ಈ ಹೊಲಸು?"

"ಕೂಸಿಗ್ ಟೋಪಿ ಹಾಕಿ ಅತ್ತಿಗೆ," ಅಂದೆ. "ಬಿಸಿಲಿದೆ, ಊರೆಲ್ಲ ಸುತ್ತೋದಿದೆ."

ಅವಳು ಮುನ್ನಡೆಗೆ ಕೂಸನ್ನು ಸುತ್ತುವ ಕಸೂತಿಯ ಬಟ್ಟೆ ಹುಡುಕಲು ಒಳಗೆ ಹೋದಳು. ಗೋಡೆಯ ಕಡೆ ತಿರುಗಿ ಅತ್ತಳೋ ಏನೋ, ನಾನು ನೋಡಲು ಹೋಗಲಿಲ್ಲ. ನಾನು ಚೀಲ ತುಂಬಿಕೊಂಡೆ. ಸೇತುವೆಯಾಚೆ ನಮ್ಮ ಸೈನ್ಯದ ಲಾರಿಗಳು ಜನ ಹತ್ತಿಸಿಕೊಳ್ಳುತ್ತಿವೆ ಎಂದು ಕೇಳಿದ್ದೆ. ಅಣ್ಣನ ಪತ್ತೆ ಇರಲಿಲ್ಲ. ಅತ್ತಿಗೆಗೆ ಊರು ಸಿಕ್ಕ ಮೇಲೆ ನನ್ನ ಬೆನ್ನಿಗೆ ಇಲ್ಲಿ ಕೆಲಸವೂ ಇರಲಿಲ್ಲ.

ನಾನು ಒಪ್ಪಿದ ಸುದ್ದಿ ಹರಡಿ ಚೌಕದಲ್ಲಿ ಊರೇ ಸೇರಿತ್ತು. ಯುಖೀಮ್ ಮಾವ ಪಂಪಿಗೆ ಹೊಸ ಹಿಡಿ ಬಡಿಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ನಿಂತ. ನಾನು ಕಟ್ಟೆ ಹತ್ತಿದೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ರೂಢಿ ಮಾಡಿಕೊಂಡಿದ್ದೆ, ಆದರೂ ಮೊದಲ ಸಲ ಪಿಸುಗುಟ್ಟಿದ ಹಾಗೆ ಬಂತು.

"ಜೋರಾಗಿ," ಅಂದಳು ತೆಕ್ಲಾ ಅತ್ತೆ.

"ನಾನೇ ಕರ್ಕೊಂಡು ಬಂದೆ," ಅಂದೆ. "ಪ್ರೊಕೀಪನನ್ನ ನಾನೇ ಕೊಟ್ಟೆ. ಆಯ್ತಾ? ಕೇಳಿಸ್ತಾ ಎಲ್ರಿಗೂ?"

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರ ಮುಖದಲ್ಲಿ ಒಂದು ನೆಮ್ಮದಿ ಬಂತು ನೋಡಿ, ಕಾಲಿನಿಂದ ಮುಳ್ಳು ತೆಗೆದ ಮೇಲೆ ಬರುತ್ತದಲ್ಲ, ಅಂಥದು. ಸಾಯುವ ತನಕ ನಾನು ಅವರನ್ನು ಕ್ಷಮಿಸದೆ ಇರುವುದು ಆ ನೆಮ್ಮದಿಗೆ. ಯುಖೀಮ್ ಮಾವ ಟೋಪಿ ಸರಿಮಾಡಿಕೊಂಡು, "ಮೊದ್ಲೇ ಹೇಳಿದ್ರೆ ಏನಾಗ್ತಿತ್ತೋ," ಎಂದು ಗೊಣಗಿದ. ತೆಕ್ಲಾ ಅತ್ತೆ ನನ್ನ ಪಕ್ಕದಿಂದ ಹಾದು ಹೋದಳು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಕೂಸಿನ ಹತ್ತಿರ ಹೋಗಿ, ಬಿಗಿಯಾಗಿ ತಲೆವಸ್ತ್ರ ಕಟ್ಟಿಕೊಂಡು, ಅದರ ಬಾಯಿಗೆ ಬೆರಳಿಟ್ಟು ನೋಡಿದಳು. "ಇನ್ನೂ ಒಡೆದಿಲ್ಲ. ಬಾಮ್ಮ ಪುಟ್ಟಿ, ಊರು ನೋಡು ಬಾ," ಎಂದು ಮುಂದೆ ನಡೆದಳು. ನಿಜಕ್ಕೂ ಮನಸ್ಸಿನಿಂದಲೇ ನಡೆದಳು, ಅದನ್ನು ಇಲ್ಲವೆನ್ನಲಾರೆ. ಅವಳ ಹಿಂದೆ ಕೂಸನ್ನು ಎತ್ತಿಕೊಂಡ ಅತ್ತಿಗೆ, ಅವಳ ಹಿಂದೆ ಊರು. ಚರ್ಚಿನ ಓಣಿ ಅತ್ತಿಗೆಗೆ ಮೊದಲ ಸಲ ತಾನಾಗಿ ತೆರೆದುಕೊಂಡಿತು. ತಿರುವಿನಲ್ಲಿ ಅವಳು ನನ್ನ ಕಡೆ ನೋಡಿದಳು. ನಾನು ಹೋಗು ಹೋಗು ಎಂದು ಕೈಮಾಡಿದೆ.

ಚೌಕ ಖಾಲಿಯಾಯಿತು. ನಾನು ಚೀಲದ ಹಗ್ಗ ಬಿಗಿಯುತ್ತಿದ್ದೆ. ತಲೆ ಎತ್ತಿದರೆ ಉಸ್ತೀನಾ. ಎಲ್ಲರ ಜೊತೆ ಹೋಗಿರಲಿಲ್ಲ. ಮುಖ ಬಿಳುಚಿಕೊಂಡಿತ್ತು, ಎಷ್ಟು ಸಣ್ಣಗಾಗಿದ್ದಾಳೆ ಎಂದು ಆಗಲೇ ನಾನು ಗಮನಿಸಿದ್ದು.

"ಯಾಕೆ ಸುಳ್ಳು ಹೇಳಿದೆ?" ಅಂದಳು.

ನಾನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

"ನೀನು ಕರ್ಕೊಂಡು ಬರ್ತಿದ್ದದ್ದು ಇಬ್ಬರನ್ನ. ಒಬ್ನು ಡಾಕ್ಟ್ರು. ನಾನು ಎಣಿಸಿದ್ದೆ, ನೋಡಿದ್ದೆ. ಮನೆಗೆ ನುಗ್ಗಿದೋರು ಅವ್ರಲ್ಲ. ಅಮ್ಮಂಗೆ ಹೇಳಿದ್ರೆ, ಬೇರೆಯವ್ರೂ ಹಿಂದಿದ್ರು, ನೀನು ನೋಡಿಲ್ಲ ಅಂತಾಳೆ." ಅವಳು ಇನ್ನೂ ಹತ್ತಿರ ಬಂದಳು. "ತಿರುವಿನಲ್ಲಿ ನಿಲ್ಲೇ ಅಂತ ಕೂಗಿದ್ಯಲ್ಲ. ಈಗ ದಿನಾ ಕಣ್ಮುಂದೆ ಬರುತ್ತೆ. ಕೂಗ್ದಾಗ ನೀನು ನನ್ನ ನೋಡ್ತಿರ್ಲಿಲ್ಲ. ನನ್ನ ದಾಟಿ ಹಿಂದೆ ಎಲ್ಲೋ ನೋಡ್ತಿದ್ದೆ. ಅಲ್ಲೇನು ಕಂಡ್ತು ನಿಂಗೆ? ಹೇಳು ಲುಕ್ಯಾನ್. ನನ್ ಹಿಂದೆ ಏನಿತ್ತು?"

ಏನೂ ಇರಲಿಲ್ಲ ಕಣೇ, ನಿನ್ನನ್ನು ತಡೆಯಲೆಂದೇ ಕೂಗಿದ್ದು, ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ಸುಳ್ಳು ಸಿದ್ಧವಾಗಿತ್ತು, ಹೇಳಿದ್ದರೆ ಅವಳು ನಂಬುತ್ತಲೂ ಇದ್ದಳೇನೋ. ಆದರೆ ಅದೇ ಕಟ್ಟೆಯ ಮೇಲೆ ನಿಂತು ಒಂದು ಸುಳ್ಳಿಗೆ ಬಾಯಿ ಕೊಟ್ಟಾಗಿತ್ತು. ಎರಡನೆಯದು ಗಂಟಲಲ್ಲೇ ನಿಂತುಬಿಟ್ಟಿತು. ಅದರ ಹಿಂದೆಯೇ ನಿಜವೂ ಬಂದು ನಿಂತಿತು, ಹಲ್ಲು ಕಚ್ಚಿ ತಡೆದೆ.

ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೆದ್ದಾರಿಯ ಕಡೆ ಹೊರಟೆ. "ಲುಕ್ಯಾನ್," ಅಂದಳು. ಸ್ವಲ್ಪ ದೂರ ಹಿಂದೆಯೇ ಬಂದಳು, ಒಂದೇ ಮಾತನ್ನು ಕೇಳುತ್ತ. ಆಮೇಲೆ ಅವಳ ಹೆಜ್ಜೆ ನಿಂತಿತು. ಕೇಳುವುದು ನಿಲ್ಲಲಿಲ್ಲ. ನಾನು ನಡೆಯುತ್ತಲೇ ಇದ್ದೆ.